ಲಗ್ನಪತ್ರಿಕೆ ಪ್ರಿಂಟ್ ಮಾಡುವ ಸ್ಕ್ರೀನಿನಲ್ಲೇ ಗ್ಲೂಕೋಸ್ ಸ್ಟ್ರಿಪ್ ಮಾಡಬಹುದಾ?

ಮಾಮೂಲಿ ಪ್ರಿಂಟಿಂಗ್ ಸ್ಕ್ರೀನ್, ಓಎಚ್‌ಪಿ ಶೀಟ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ), ಕಾರ್ಬನ್ ಇಂಕ್ ಇಷ್ಟರಲ್ಲೇ ಕಾಲೇಜ್ ಪ್ರಾಜೆಕ್ಟಿಗೆ ಗ್ಲೂಕೋಸ್ ಸ್ಟ್ರಿಪ್ ಮಾಡಬಹುದಾ, ಇಂಕ್ ನಾವೇ ಕಲಸಿಕೊಂಡರೆ ನಡೆಯುತ್ತಾ ಅಂತ ಕೇಳಿದ್ದೀರಿ. ಲ್ಯಾಬಿನಲ್ಲಿ ನಾನು ಮಾಡುವುದೂ ಇದೇ ಕೆಲಸ. ಮಾಡಬಹುದು. 1987ರಲ್ಲಿ ಬಂದ, ರಕ್ತದ ಸಕ್ಕರೆ ಅಳೆಯುವ ಎಕ್ಸಾಕ್‌ಟೆಕ್ ಮೀಟರಿನ ಸ್ಟ್ರಿಪ್‌ನಲ್ಲಿ ಇದ್ದದ್ದೂ ಪ್ರಿಂಟ್ ಮಾಡಿದ ಕಾರ್ಬನ್ನೇ.

ಅಂಗಡಿಯ ಕಪ್ಪು ಇಂಕ್ ಮಾತ್ರ ಬೇಡ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಗ್ರಾಫೈಟ್ ಪುಡಿ, ಸಂದುಗಳನ್ನು ತುಂಬಲು ಸ್ವಲ್ಪ ಕಾರ್ಬನ್ ಬ್ಲ್ಯಾಕ್, ಅಂಟಿಗೆ ಬೈಂಡರ್, ತೆಳು ಮಾಡಲು ಸಾಲ್ವೆಂಟ್. ನೇಲ್ ಪಾಲಿಶ್ ಮತ್ತು ಅಸಿಟೋನ್ ಹಾಕಿ ಕಲಸುವವರೂ ಇದ್ದಾರೆ. ಆದರೆ ಅಸಿಟೋನ್ ಬೇಗ ಹಾರಿಹೋಗುತ್ತದೆ. ಇಂಕ್ ಎಳೆಯುವ ರಬ್ಬರ್ ಪಟ್ಟಿ, ಅಂದರೆ ಸ್ಕ್ವೀಜಿಯನ್ನು ಎರಡನೇ ಸಲ ಎಳೆಯುವಷ್ಟರಲ್ಲಿ ಮೆಶ್‌ನ ತೂತುಗಳು ಕಟ್ಟಿಕೊಂಡಿರುತ್ತವೆ. ನಿಧಾನವಾಗಿ ಆರುವ ಸಾಲ್ವೆಂಟ್ ಹುಡುಕಿ. ಇಂಕ್ ಗಟ್ಟಿ ದೋಸೆ ಹಿಟ್ಟಿನ ಹದಕ್ಕಿರಲಿ. ಸ್ಕ್ರೀನಿನ ಎಮಲ್ಷನ್ (ಡಿಸೈನ್ ಬಿಟ್ಟು ಉಳಿದ ಜಾಗ ಮುಚ್ಚುವ ಪದರ) ಆ ಸಾಲ್ವೆಂಟಿಗೆ ಕರಗಬಾರದು. ಶೀಟನ್ನು ಪ್ರಿಂಟಿಗೆ ಮುಂಚೆಯೇ ಒಮ್ಮೆ ಓವನ್ನಿನಲ್ಲಿ ಕಾಯಿಸಿಡಿ. ಇಲ್ಲದಿದ್ದರೆ ಮೊದಲ ಪದರ ಒಣಗಿಸುವಾಗ ಕುಗ್ಗಿ, ಎರಡನೇ ಪದರ ಜಾಗ ತಪ್ಪುತ್ತದೆ. ವೋಲ್ಟೇಜ್ ಅಳೆಯಲು ಆಧಾರವಾಗಿರುವ ರೆಫರೆನ್ಸ್ ಎಲೆಕ್ಟ್ರೋಡಿಗೆ ಸಿಲ್ವರ್-ಸಿಲ್ವರ್ ಕ್ಲೋರೈಡ್ ಇಂಕ್ ಕೊಂಡುಬಿಡಿ, ಅಲ್ಲಿ ಉಳಿತಾಯ ಮಾಡಬೇಡಿ.

ಎಲ್ಲರೂ ಎಡವುವುದು ಇದಾದ ಮೇಲೆ. ಮಲ್ಟಿಮೀಟರ್ ಹಿಡಿದರೆ ರೆಸಿಸ್ಟೆನ್ಸ್ ಕಡಿಮೆ ತೋರಿಸುತ್ತದೆ, ಎಲ್ಲಾ ಸರಿಯಾಯಿತು ಅನಿಸುತ್ತದೆ. ಮಲ್ಟಿಮೀಟರ್ ನೋಡುವುದು ಕರೆಂಟ್ ಒಳಗೆ ಹರಿಯುತ್ತದಾ ಅಂತ ಮಾತ್ರ. ಸೆನ್ಸರಿಗೆ ಬೇಕಿರುವುದು ಮೇಲ್ಮೈಯಲ್ಲಿ ಎಲೆಕ್ಟ್ರಾನ್ ಸಲೀಸಾಗಿ ದಾಟುವುದು. ಅಲ್ಲಿ ಗ್ರಾಫೈಟಿನ ಮೇಲೆ ಬೈಂಡರ್ ತೆಳ್ಳಗೆ ಪೊರೆ ಕಟ್ಟಿ ಕೂತಿರುತ್ತದೆ. ಪೊಟ್ಯಾಸಿಯಂ ಫೆರಿಸೈನೈಡ್ ದ್ರಾವಣದಲ್ಲಿ ಸೈಕ್ಲಿಕ್ ವೋಲ್ಟಾಮೆಟ್ರಿ ಮಾಡಿ ನೋಡಿ, ಅಂದರೆ ವೋಲ್ಟೇಜನ್ನು ಏರಿಸಿ ಇಳಿಸುತ್ತಾ ಕರೆಂಟ್ ಅಳೆಯಿರಿ. ಏರುವಾಗ ಒಂದು, ಇಳಿಯುವಾಗ ಒಂದು ಕರೆಂಟ್ ಪೀಕ್ ಬರುತ್ತದೆ. ಲೆಕ್ಕದ ಪ್ರಕಾರ ಎರಡು ಪೀಕ್‌ಗಳ ನಡುವೆ ಸುಮಾರು 59 ಮಿಲಿವೋಲ್ಟ್ ಇರಬೇಕು. ಪ್ರಿಂಟ್ ಮಾಡಿದ ಕಾರ್ಬನ್ನಿನಲ್ಲಿ 100 ದಾಟುವುದು ಮಾಮೂಲು. ಅಂತರ ಹೆಚ್ಚಿದಷ್ಟೂ ಎಲೆಕ್ಟ್ರಾನ್ ದಾಟಲು ಕಷ್ಟಪಡುತ್ತಿದೆ ಅಂತ ಅರ್ಥ. ಫಾಸ್ಫೇಟ್ ಬಫರಿನಲ್ಲಿಟ್ಟು ಸ್ವಲ್ಪ ಹೊತ್ತು 1.2ರಿಂದ 1.5 ವೋಲ್ಟ್ ಕೊಟ್ಟರೆ ಮೇಲ್ಮೈ ಎಚ್ಚರಗೊಳ್ಳುತ್ತದೆ, ಪೀಕ್‌ಗಳು ಹತ್ತಿರ ಬರುತ್ತವೆ. ನನ್ನ ಕೇಳಿದರೆ, ದುಬಾರಿ ಇಂಕಿಗಿಂತ ಈ ಒಂದು ಹಂತವೇ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಎನ್‌ಜೈಮ್ ಸುಲಭ. ಗ್ಲೂಕೋಸಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವ ಎನ್‌ಜೈಮ್ ಗ್ಲೂಕೋಸ್ ಆಕ್ಸಿಡೇಸ್. ಅದರ ಜೊತೆಗೆ, ಆ ಎಲೆಕ್ಟ್ರಾನನ್ನು ಕಾರ್ಬನ್ನಿಗೆ ಸಾಗಿಸುವ ಮೀಡಿಯೇಟರ್ ಆಗಿ ಅದೇ ಫೆರಿಸೈನೈಡ್ ಸೇರಿಸಿ, ಒಂದು ಹನಿ ಬಿಟ್ಟು, ಫ್ಯಾನ್ ಗಾಳಿಯಲ್ಲಿ ಒಣಗಿಸಿ. ಬಿಸಿ ಬೇಡ.

ರಕ್ತಕ್ಕೆ ಕೈಹಾಕಬೇಡಿ. ಅದರಲ್ಲಿ ವಿಟಮಿನ್ ಸಿ, ಯೂರಿಕ್ ಆಸಿಡ್, ನುಂಗಿದ ಪ್ಯಾರಾಸಿಟಮಾಲ್ ಇವೂ ಕರೆಂಟ್ ಕೊಡುತ್ತವೆ. ಸಕ್ಕರೆ ಮೀಟರುಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 15197 ಪ್ರಕಾರ 100 ಮಿಗ್ರಾಂ/ಡೆಸಿಲೀಟರ್ ಮತ್ತು ಮೇಲಿನ ಸಕ್ಕರೆಯಲ್ಲಿ ನೂರಕ್ಕೆ 95 ರೀಡಿಂಗ್ ಶೇ. 15ರ ಒಳಗಿನ ವ್ಯತ್ಯಾಸದಲ್ಲಿರಬೇಕು. ಕೈಯಲ್ಲಿ ಎಳೆದ ಪ್ರಿಂಟಿಗೆ ಅದು ಕಷ್ಟ. ಒಂದೇ ಶೀಟಿನ ಅಂಚಿನ ಸ್ಟ್ರಿಪ್ಪೂ ನಡುವಿನದೂ ಬೇರೆ ಬೇರೆ ಕರೆಂಟ್ ಕೊಡುತ್ತವೆ. ಸ್ಟ್ರಿಪ್ ಕಂಪನಿಗಳು ದುಡ್ಡು ಸುರಿಯುವುದು ಈ ಏಕರೂಪಕ್ಕೇ. ಇಂಕಿನ ಖರ್ಚು ಚಿಲ್ಲರೆ. ಪ್ರಾಜೆಕ್ಟಿಗೆ ಗ್ಲೂಕೋಸ್ ನೀರು ಸಾಕು. ಹತ್ತು ಸ್ಟ್ರಿಪ್‌ಗಳಿಗೆ ಒಂದೇ ದ್ರಾವಣ ಹಾಕಿ, ವ್ಯತ್ಯಾಸ ಎಷ್ಟು ಅಂತ ರಿಪೋರ್ಟಿನಲ್ಲಿ ಬರೆಯಿರಿ. ಗೈಡ್ ಮೊದಲು ಕೇಳುವುದೇ ಅದು.

ನಿಮ್ಮ ಕಾಲೇಜಿನಲ್ಲಿ ಪೊಟೆನ್ಷಿಯೋಸ್ಟಾಟ್ (ಬೇಕಾದ ವೋಲ್ಟೇಜ್ ಕೊಟ್ಟು ಕರೆಂಟ್ ಅಳೆಯುವ ಉಪಕರಣ) ಇದೆಯಾ? ಇಲ್ಲದಿದ್ದರೆ 2011ರಲ್ಲಿ ಪ್ರಕಟವಾದ ಚೀಪ್‌ಸ್ಟಾಟ್ ವಿನ್ಯಾಸ ನೋಡಿ. ಆಗ ಅದರ ಖರ್ಚು 80 ಡಾಲರಿಗಿಂತ ಕಡಿಮೆ ಇತ್ತು.