65 ಲಕ್ಷದ ಎಲೆಕ್ಟ್ರಿಕ್ ಕಾರು ತಗೊಂಡರೆ ನಾಲ್ಕು ವರ್ಷಕ್ಕೆ ಎಷ್ಟು ರೀಸೇಲ್ ಸಿಗುತ್ತೆ? ಡೀಸೆಲ್ ಕಾರಿನಷ್ಟು ಸಿಗಬಹುದಾ?

ಅರ್ಧ ಸಿಕ್ಕರೆ ಪುಣ್ಯ. ನನಗೆ ಅದೂ ಸಿಗಲಿಲ್ಲ.

ನೀವು ಬೆಳಗಾವಿ, ನಾನು ವಿಜಯಪುರ. ಒಣದ್ರಾಕ್ಷಿ ವ್ಯಾಪಾರ. 2022ರಲ್ಲಿ ಕೈಯಲ್ಲಿ ದುಡ್ಡು ಆಡುತ್ತಿತ್ತು, ವಿದೇಶಿ ಕಂಪನಿಯ ಎಲೆಕ್ಟ್ರಿಕ್ ಎಸ್‌ಯುವಿ ತಗೊಂಡೆ. 63 ಲಕ್ಷ. ಆಗ ಕರ್ನಾಟಕದಲ್ಲಿ ಎಲೆಕ್ಟ್ರಿಕ್ ಕಾರಿಗೆ ರೋಡ್ ಟ್ಯಾಕ್ಸ್ ಇರಲಿಲ್ಲ. 25 ಲಕ್ಷ ದಾಟಿದ ಕಾರಿಗೆ ಶೇ 10 ಹಾಕಿದ್ದು 2024ರಲ್ಲಿ. ಭಾರಿ ಉಳಿಸಿದೆ ಅಂತ ಊರೆಲ್ಲ ಹೇಳಿಕೊಂಡು ತಿರುಗಿದೆ.

ಮೊದಲ ವರ್ಷದ ಸರ್ವಿಸ್ ಹುಬ್ಬಳ್ಳಿಯಲ್ಲಿ ಮಾಡಿಸಿದೆ. ಹೋಗಿ ಬರೋಕೆ ಹತ್ತಿರ ಹತ್ತಿರ 400 ಕಿ.ಮೀ. ಎರಡನೇ ವರ್ಷ ನಮ್ಮ ಮನೆಯವರು, "ಎಣ್ಣಿ ಹಾಕಂಗಿಲ್ಲ, ಎಂಜಿನ್ ಇಲ್ಲ, ಯಾತರ ಸರ್ವಿಸ್ ರೀ?" ಅಂದರು. ನನಗೂ ಹೌದೆನಿಸಿತು. ತಪ್ಪು ನನ್ನದೇ, ಅವರದಲ್ಲ. ಎಂಜಿನ್ ಆಯಿಲ್ ಇಲ್ಲ, ನಿಜ. ಆದರೆ ಬ್ರೇಕ್ ಫ್ಲುಯಿಡ್ ಇದೆ, ಬ್ಯಾಟರಿ ತಂಪು ಮಾಡುವ ಕೂಲಂಟ್ ಇದೆ, ಸಾಫ್ಟ್‌ವೇರ್ ಇದೆ. ಎಲ್ಲಕ್ಕಿಂತ ಹೆಚ್ಚಾಗಿ ಸರ್ವಿಸ್ ರೆಕಾರ್ಡ್ ಇದೆ. ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಕೊಡುತ್ತಾರೆ. ಹಳೆ ಕಾರು ಕೊಳ್ಳುವವನು ದುಡ್ಡು ಕೊಡುವುದು ಅದರಲ್ಲಿ ಉಳಿದ ವರ್ಷಗಳಿಗೆ. ಬಣ್ಣ, ಸೀಟು, ಸನ್‌ರೂಫ್ ಎಲ್ಲ ಆಮೇಲೆ. ನಾನು 2024ರಲ್ಲಿ ಹೋಗಲಿಲ್ಲ. 2025ರಲ್ಲೂ ಸುಮ್ನೆ ಮುಂದೂಡಿದೆ. ಮಾರುವ ವಾರ ಮಾತ್ರ ಓಡಿ ಹೋಗಿ ಮಾಡಿಸಿದೆ. ಅದು ಇನ್ನೂ ಅನುಮಾನಕ್ಕೆ ದಾರಿಯಾಯಿತು.

ಸೊಲ್ಲಾಪುರದಿಂದ ಬಂದ ಗಿರಾಕಿ ಫೋನಿನಲ್ಲಿ 34 ಅಂದಿದ್ದ. ಬಂದವನು ಕಾರನ್ನು ಸುತ್ತಲೂ ನೋಡಲೇ ಇಲ್ಲ. ಸರ್ವಿಸ್ ಹಿಸ್ಟರಿ ತೆಗೆಸಿ, ಬೆರಳಿನಿಂದ ಮೇಲೆ ಕೆಳಗೆ ಸರಿಸಿ, "ಸರ, ನಡುವ ಎರಡು ವರ್ಷ ಗಾಡಿ ಎಲ್ಲಿತ್ರೀ?" ಅಂದ. ಅವನ ಹುಡುಗ ಹಿಂದಿನ ಸೀಟಿನಡಿ ಬಿದ್ದಿದ್ದ ಒಣದ್ರಾಕ್ಷಿ ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. 27 ಲಕ್ಷಕ್ಕೆ ಮುಗಿಯಿತು. ಸರ್ವಿಸ್ ತಪ್ಪಿದೆ ಅಂತ ನಾಳೆ ಬ್ಯಾಟರಿ ವಾರಂಟಿ ಕ್ಲೇಮ್ ತಕರಾರಾದರೆ ನಾನೇ ತಾನೇ ಅನುಭವಿಸೋದು ಅಂದ. ಅವನ ಮಾತಲ್ಲಿ ತಪ್ಪೇನಿತ್ತು?

ರೆಕಾರ್ಡ್ ಸರಿ ಇದ್ದಿದ್ದರೂ 34 ದಾಟುತ್ತಿರಲಿಲ್ಲ ಬಿಡಿ. ಹೊಸ ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ ಬರೀ ಶೇ 5. ಬ್ಯಾಟರಿ ಬೆಲೆ ಇಳಿಯುತ್ತಿದೆ. ಅದೇ ದುಡ್ಡಿಗೆ ಜಾಸ್ತಿ ದೂರ ಓಡುವ ಹೊಸ ಮಾಡೆಲ್ ಬರುತ್ತಲೇ ಇರುತ್ತದೆ. ನಮ್ಮ ಕಡೆ ಇಂಥ ಕಾರು ಕೊಳ್ಳುವವರನ್ನು ಬೆರಳಲ್ಲಿ ಎಣಿಸಬಹುದು.

ಹಾಗಾಗಿ ಡೀಸೆಲ್ ಜೊತೆ ಹೋಲಿಸುವ ನಿಮ್ಮ ಲೆಕ್ಕವನ್ನೇ ಬಿಡಿ. ನಾಲ್ಕು ವರ್ಷಕ್ಕೆ ಮಾರುವ ಯೋಚನೆ ಈಗಲೇ ಇದ್ದರೆ ಹೊಸದು ತಗೋಬೇಡಿ. ಬೇರೆಯವರು ಮೂರು ವರ್ಷ ಓಡಿಸಿ ನಷ್ಟ ತಿಂದ ಕಾರು ತಗೊಳ್ಳಿ, ಬ್ಯಾಟರಿ ಹೆಲ್ತ್ ರಿಪೋರ್ಟ್ ಕೈಗೆ ಬರುವವರೆಗೆ ಅಡ್ವಾನ್ಸ್ ಕೊಡಬೇಡಿ. ಹೊಸದೇ ಬೇಕೆಂದರೆ ಕಂಪನಿ ಬೈಬ್ಯಾಕ್, ಅಂದರೆ ಇಷ್ಟು ವರ್ಷಕ್ಕೆ ಇಷ್ಟು ಬೆಲೆಗೆ ವಾಪಸ್ ಕೊಳ್ಳುತ್ತೇವೆ ಅಂತ, ಬರೆದುಕೊಡುತ್ತದಾ ಕೇಳಿ, ಷರತ್ತು ಪೂರ್ತಿ ಓದಿ.

ನಾನು ಈಗ ಪುಣೆಯಿಂದ ಅಂಥದೇ ಒಂದು ಹಳೆ ಎಲೆಕ್ಟ್ರಿಕ್ ಕಾರು ತಂದಿದ್ದೇನೆ. ಸರ್ವಿಸ್ ತಪ್ಪಿಸೋದಿಲ್ಲ. ಹುಬ್ಬಳ್ಳಿ ದಾರಿಯಲ್ಲಿ ಕೊಲ್ಹಾರ ಬರುತ್ತೆ ಅಲ್ವಾ, ಅಲ್ಲಿನ ಗಡಿಗೆ ಮೊಸರಿಗಾಗಿ ಈಗ ಮನೆಯವರೇ ತಾರೀಖು ನೆನಪಿಸುತ್ತಾರೆ.