ಅತ್ತೆ ಬಾಡು ಬಿಟ್ಟರೋ, ಊಟವನ್ನೇ ಬಿಟ್ಟರೋ?

ಮಂಡ್ಯ ಸೀಮೆಯ ತಾಲ್ಲೂಕು ಆಸ್ಪತ್ರೆಯೊಂದರ, ಒಬ್ಬರಿಂದೊಬ್ಬರಿಗೆ ಹರಡದ ಕಾಯಿಲೆಗಳನ್ನು ನೋಡುವ ಎನ್‌ಸಿಡಿ ಕ್ಲಿನಿಕ್‌ನಲ್ಲಿ ನಾನು ಆಪ್ತಸಮಾಲೋಚಕಿ. ಬಿಪಿ, ಶುಗರ್ ಮಾತ್ರೆಗೆಂದು ಬರುವವರ ಜೊತೆ ಊಟ, ನಿದ್ದೆ, ಮನೆಯ ಕಷ್ಟ ಎಲ್ಲ ಮಾತಾಡುವುದು ನನ್ನ ಕೆಲಸ. ಈ ಪ್ರಕರಣವನ್ನು ಆ ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗುವಂಥ ವಿವರ ಬದಲಿಸಿ ಬರೆದಿದ್ದೇನೆ. ಮಾಂಸಾಹಾರ ಬಿಡುತ್ತೇವೆ ಅನ್ನುವವರು ಸಾಮಾನ್ಯವಾಗಿ ಏನೇನು ತಿನ್ನಬೇಕು ಅನ್ನುವ ಪಟ್ಟಿ ಕೇಳುತ್ತಾರೆ. ಪಟ್ಟಿ ಕೊಡುವ ಮೊದಲು ಆ ಮನೆಯಲ್ಲಿ ಯಾರು ಬಡಿಸುತ್ತಾರೆ, ಯಾರು ಕೊನೆಗೆ ಉಣ್ಣುತ್ತಾರೆ ಅನ್ನುವುದು ನನಗೆ ಗೊತ್ತಾಗಬೇಕು.

ಬಂದವರು ಅತ್ತೆ, ಸೊಸೆ. ಅತ್ತೆಗೆ ಐವತ್ತೈದರ ಆಸುಪಾಸು. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ, ಮೆಟ್‌ಫಾರ್ಮಿನ್ ಮಾತ್ರೆ ನಡೆಯುತ್ತಿತ್ತು. ಮಾತು ಶುರು ಮಾಡಿದ್ದು ಸೊಸೆ: "ಊಟ ಬಿಟ್‌ಬುಟ್ಟವ್ರೆ ಮೇಡಂ. ಹೊಸತೊಡಕಿನ ದಿನ ಎಲ್ರಿಗೂ ಬಾಡು ಬೇಯ್ಸಿ ಬಡಿಸಿ, ತಾವು ಮಾತ್ರ ಮಜ್ಜಿಗೆ ಅನ್ನ ಉಂಡು ಎದ್ರು. ಅವತ್ತಿಂದ ಮುಟ್ಟಿಲ್ಲ. ಮಂಕು ಬಡಿದಂಗೆ ಕೂತಿರ್ತರೆ." ಯುಗಾದಿಯ ಮಾರನೆಯ ದಿನದ ಹೊಸತೊಡಕು ನಮ್ಮ ಕಡೆ ಒಬ್ಬಟ್ಟಿನ ಹಬ್ಬಕ್ಕಿಂತ ಒಂದು ಕೈ ಮೇಲೆ. ಅಂಥ ದಿನ ಮನೆಯ ಹಿರಿಯ ಹೆಂಗಸು ಮಾಂಸ ಮುಟ್ಟಲಿಲ್ಲ ಅಂದರೆ ಮನೆಯವರಿಗೆ ಗಾಬರಿಯಾಗುವುದು ಸಹಜ.

ಸೊಸೆಯನ್ನು ಹೊರಗೆ ಕೂರಿಸಿ ಅತ್ತೆಯ ಜೊತೆ ಒಬ್ಬಳೇ ಮಾತಾಡಿದೆ. "ಹನ್ನೆರಡು ವರ್ಸದವಳಿಂದ ಬೋಟಿ ತೊಳೆದೀನಿ, ತಲೆಕಾಲು ಸುಟ್ಟೀನಿ ಕಣವ್ವ. ಈಗ ಆ ವಾಸ್ನೆ ಬಂದ್ರೆ ತಿನ್ನಕ್ಕೆ ಮನಸೇ ಬರದಿಲ್ಲ. ಯಾರ ಮೇಲೂ ಸಿಟ್ಟಿಲ್ಲ. ಸಾಕು ಅನ್ಸದೆ, ಅಷ್ಟೆಯ," ಅಂದರು. ನಿದ್ದೆ ಬರುತ್ತದೆಯೇ, ಯಾವುದರಲ್ಲಾದರೂ ಮನಸ್ಸು ನಿಲ್ಲುತ್ತದೆಯೇ, ಬದುಕು ಬೇಡ ಅನ್ನಿಸಿದ್ದುಂಟೇ ಎಂದು ಒಂದೊಂದಾಗಿ ಕೇಳಿದೆ. ಹಿತ್ತಿಲ ಅವರೆ ಬಳ್ಳಿಯ ಬಗ್ಗೆ, ಮೊಮ್ಮಗನ ತೊದಲು ಮಾತಿನ ಬಗ್ಗೆ ಹೇಳುವಾಗ ಮುಖ ಅರಳುತ್ತಿತ್ತು. ಖಿನ್ನತೆಯ ಲಕ್ಷಣ ನನಗೆ ಕಾಣಲಿಲ್ಲ. ಆದರೆ ಕಾರ್ಡಿನಲ್ಲಿ ತೂಕ 58ರಿಂದ 54 ಕೆ.ಜಿ.ಗೆ ಇಳಿದಿತ್ತು. ಪಾದದಲ್ಲಿ ಜೋಮು, ಮೆಟ್ಟಿಲು ಹತ್ತಿದರೆ ಸುಸ್ತು. ಬಾಡು ಬಿಟ್ಟ ಮೇಲೆ ಶುಗರ್ ಇಳಿದಿದೆ ಅಂತ ಖುಷಿಯಾಗಿ ರಾತ್ರಿಯ ಮಾತ್ರೆಯನ್ನೂ ತಾವೇ ನಿಲ್ಲಿಸಿದ್ದರು.

ಹಿಂದಿನ ದಿನ ಏನೇನು ಉಂಡಿರಿ ಎಂದು ಕೇಳಿ ಬರೆದುಕೊಂಡೆ. ಬೆಳಗ್ಗೆ ಟೀ, ಬನ್ನು. ಮಧ್ಯಾಹ್ನ ಮುದ್ದೆ, ಬಸ್ಸಾರು. ರಾತ್ರಿ ಅನ್ನ, ನೀರು ಮಜ್ಜಿಗೆ, ಉಪ್ಪಿನಕಾಯಿ. ಬಸ್ಸಾರು ಅಂದರೆ ಕಾಳೂ ಇರುತ್ತದಲ್ಲ ಅನ್ನಿಸಬಹುದು. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು. ಬಸಿದು ಉಳಿದ ಕಾಳು, ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. "ಪಲ್ಯ ಎಷ್ಟು ಹಾಕ್ಕೊಂಡ್ರಿ ಅವ್ವಾ?" ಎಂದೆ. "ನಾನು ಉಣ್ಣೋ ಹೊತ್ಗೆ ಎಲ್ಲಿ ಉಳ್ದಿರ್ತದೆ?" ಅಂದರು. ಅಷ್ಟು ದಿನ ಭಾನುವಾರದ ಬಾಡಿನಲ್ಲಿ, ನಡುವಿನ ಮೊಟ್ಟೆ, ಮೀನಿನಲ್ಲಿ ಅವರ ಪಾಲಿಗೂ ನಾಲ್ಕು ತುಂಡು ಇರುತ್ತಿತ್ತು. ಅದು ಹೋಯಿತು, ಅದರ ಜಾಗಕ್ಕೆ ಏನೂ ಬರಲಿಲ್ಲ.

ವಯಸ್ಕರಿಗೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೊಟೀನ್ ಬೇಕು ಅನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್). 54 ಕೆ.ಜಿ.ಗೆ ಸುಮಾರು 45 ಗ್ರಾಂ. ಅವರ ತಟ್ಟೆಯ ರಾಗಿ, ಅಕ್ಕಿ, ಮಜ್ಜಿಗೆ ಎಲ್ಲ ಸೇರಿ ಅದರ ಅರ್ಧ ದಾಟುವುದೇ ಕಷ್ಟವಿತ್ತು. ಹೀಗೆ ಊಟವೇ ಸಾಲದೆ ತೂಕ ಇಳಿದಿರಬೇಕು. ಹೊಟ್ಟೆಗೆ ಸಾಲದೆ ಶುಗರ್ ಇಳಿದರೆ ಅದನ್ನು ಗುಣವಾಯಿತು ಅಂತ ನಂಬಬಾರದು, ಮಾತ್ರೆ ಬಿಡುವುದು ಡಾಕ್ಟರ್ ಹೇಳಿದ ಮೇಲೆ ಮಾತ್ರ ಎಂದು ಇಬ್ಬರಿಗೂ ಒತ್ತಿ ಹೇಳಿದೆ. ಅವತ್ತೇ ಡಾಕ್ಟರ ಬಳಿ ಕಳಿಸಿ, ಹಿಮೋಗ್ಲೋಬಿನ್, ಮೂರು ತಿಂಗಳ ಸರಾಸರಿ ಶುಗರ್, ವಿಟಮಿನ್ ಬಿ12 ನೋಡಿಸಿದೆವು. ಬಿ12 ಕಡಿಮೆ ಇತ್ತು. ಈ ವಿಟಮಿನ್ ಮಾಂಸ, ಮೀನು, ಮೊಟ್ಟೆ, ಹಾಲಿನಲ್ಲಿ ಸಿಗುತ್ತದೆ. ಸೊಪ್ಪು, ಕಾಳು ಎಷ್ಟು ತಿಂದರೂ ಸಿಗುವುದಿಲ್ಲ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವ ಕೆಲವರಲ್ಲಿ ತಿಂದ ಬಿ12 ಕೂಡ ಮೈಗೆ ಸರಿಯಾಗಿ ಹತ್ತುವುದಿಲ್ಲ. ಜೋಮು ಸಕ್ಕರೆ ಕಾಯಿಲೆಯಿಂದಲೂ ಬರಬಹುದು, ಈ ಕೊರತೆಯಿಂದಲೂ ಬರಬಹುದು. ಡಾಕ್ಟರು ಇಂಜೆಕ್ಷನ್, ಆಮೇಲೆ ಮಾತ್ರೆ ಬರೆದುಕೊಟ್ಟರು.

ನಾನು ಅವರಿಗೆ ಹೇಳಿದ್ದು: ಬಿಡಿ, ಖಂಡಿತ ಬಿಡಿ, ಆದರೆ ಮೆಲ್ಲಗೆ ಬಿಡಿ. ಸೋಮವಾರ, ಶನಿವಾರ ನಿಮ್ಮ ಮನೆಯಲ್ಲಿ ಬಾಡಿಲ್ಲ. ಶ್ರಾವಣ ಪೂರ್ತಿ ಇಲ್ಲ. ಲೆಕ್ಕ ಹಾಕಿದರೆ ವರ್ಷದ ಮೂರರಲ್ಲೊಂದು ಪಾಲು ದಿನ ನಿಮ್ಮದು ಸೊಪ್ಪು ಸಾರಿನ ಊಟವೇ. ಹಾಗಾಗಿ ಹೊಸ ಅಡುಗೆ ಕಲಿಯಬೇಕಾದ್ದಿಲ್ಲ, ಇರುವ ಅಡುಗೆಯಲ್ಲಿ ನಿಮ್ಮ ಪಾಲು ತೆಗೆದಿಟ್ಟುಕೊಳ್ಳಬೇಕು. ಬಡಿಸುವ ಮೊದಲೇ ಒಂದು ಬಟ್ಟಲು ಕಾಳು ಪಲ್ಯ ಎತ್ತಿಡಿ. ವಾರದಲ್ಲಿ ಎರಡು ದಿನ ಹುರುಳಿ ಅಥವಾ ಹಲಸಂದೆ ಮೊಳಕೆ ಕಟ್ಟಿ ಸಾರು ಮಾಡಿ, ಕಾಳನ್ನು ಬಸಿಯಬೇಡಿ. ಬೆಳಗ್ಗೆ ಬನ್ನಿನ ಬದಲು ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ. ಊಟದ ಜೊತೆಗೆ ಟೀ ಬೇಡ, ಸೊಪ್ಪು, ಕಾಳಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಮೇಲೊಂದಿಷ್ಟು ನಿಂಬೆಹುಳಿ ಹಿಂಡಿಕೊಳ್ಳಿ. ಮೊದಲು ಮಟನ್ ಬಿಡಿ, ಒಂದೆರಡು ತಿಂಗಳಾದ ಮೇಲೆ ಕೋಳಿ, ಮೀನು. ತೂಕ ನಿಲ್ಲುವ ತನಕ ವಾರಕ್ಕೆರಡು ಮೊಟ್ಟೆ ಇರಲಿ, ಅದನ್ನು ಬಿಡುವ ಮಾತು ಕೊನೆಗೆ ನೋಡೋಣ.

ಮಟನ್ ಅಂತೂ ಆಗಲೇ ಬಿಟ್ಟಾಗಿದೆ ಎಂದರು. ಕೋಳಿ, ಮೀನನ್ನೂ ಮತ್ತೆ ಬಾಯಿಗಿಡಲಾರೆ ಅಂದಾಗ ನಾನು ಒತ್ತಾಯ ಮಾಡಲಿಲ್ಲ. ಮೊಟ್ಟೆಗೆ ಒಪ್ಪಿದರು. ಭಜನೆಗೆ ಹೋಗುವ ಗೆಳತಿಯರಿಗೆ ಗೊತ್ತಾದರೆ ಏನೆಂದುಕೊಳ್ಳುತ್ತಾರೋ ಎಂಬ ಅಳುಕಿತ್ತು. ನಿಮ್ಮ ತಟ್ಟೆಯ ಲೆಕ್ಕ ಅವರಿಗೆ ಒಪ್ಪಿಸಬೇಕಾಗಿಲ್ಲ ಎಂದೆ.

ಹಾಲಿನ ವಿಷಯ ಬಂದಾಗ ಮನೆಯ ಇನ್ನೊಂದು ಸಂಗತಿ ತಿಳಿಯಿತು. ಕರೆಯುವ ಹಸು ಇದೆ, ಆದರೆ ಟೀಗೆ ಬೇಕಾದಷ್ಟು ಬಿಟ್ಟು ಉಳಿದದ್ದೆಲ್ಲ ಡೇರಿಗೆ. ಅರ್ಧ ಲೀಟರ್ ಉಳಿಸಿಕೊಂಡು ಮೊಸರು ಮಾಡಿ ಎಂದೆ. "ಅದನ್ನ ಅವರನ್ನೇ ಕೇಳ್ಬೇಕು" ಅಂದರು. ಅವರು ಎಂದರೆ ಯಜಮಾನರು. ಮುಂದಿನ ಸಲ ಕರೆಸಿದೆ.

ಹಾಲಿಗೆ ಅವರು ಕೂಡಲೇ ಒಪ್ಪಿದರು. ಅವರ ನೋವು ಬೇರೆ ಕಡೆ ಇತ್ತು. ಹೆಂಡತಿ ತನಗೆಂದು ಹೊಸ ಪಾತ್ರೆ, ಸೌಟು ತಂದು ಬೇರೆ ಗೂಡಿನಲ್ಲಿ ಇಟ್ಟುಕೊಂಡಿದ್ದರು. "ನನ್ ಮಗ ಮೈಸೂರಲ್ಲಿ ಬಾಡ್ಗೆ ಮನೆ ಹುಡುಕ್ವಾಗ ಬಾಡು ತಿನ್ನೋರಿಗೆ ಕೊಡಲ್ಲ ಅಂದು ವಾಪಸ್ ಕಳ್ಸಿದ್ರು. ಈಗ ನನ್ ಮನೇಲೇ ನಾನು ಮೈಲಿಗೆ ಆಗ್ಬುಟ್ನ?" ಅಂದು ತಲೆ ತಗ್ಗಿಸಿದರು. ನಮ್ಮ ಸಮಾಜದಲ್ಲಿ ಊಟದ ಹೆಸರಿನಲ್ಲಿ ಜನರನ್ನು ಹೊಸ್ತಿಲಾಚೆ ನಿಲ್ಲಿಸಿದ್ದು ಇವತ್ತಿನ ಮಾತಲ್ಲ. ಒಬ್ಬರ ಪ್ರಾಮಾಣಿಕ ಬಯಕೆಗೂ ಆ ನೆನಪು ಅಂಟಿಕೊಳ್ಳುತ್ತದೆ, ಅದನ್ನು ಸಣ್ಣತನ ಅಂತ ತಳ್ಳಿಹಾಕಲು ನಾನು ಸಿದ್ಧಳಿಲ್ಲ.

ಹಾಗಾಗಿ ಗಂಡ ಹೆಂಡತಿಯನ್ನು ಎದುರುಬದುರು ಕೂರಿಸಿದೆ. ಪಾತ್ರೆ ಯಾಕೆ ಬೇರೆ ಮಾಡಿದಿರಿ ಅನ್ನುವುದನ್ನು ನನಗಲ್ಲ, ಅವರಿಗೇ ಹೇಳಿ ಎಂದೆ. "ಎಷ್ಟು ಉಜ್ಜಿದ್ರೂ ವಾಸ್ನೆ ನಿಲ್ತದೆ, ಅದ್ಕೆ. ನೀವು ಮುಟ್ಟಿದ್ದು ನಂಗೆ ಮೈಲಿಗೆಯಾ? ಮೂವತ್ತೈದು ವರ್ಸ ನಿಮ್ ತಟ್ಟೇಲೇ ಉಂಡೀನಿ," ಅಂದರು. ಯಜಮಾನರು ಏನೂ ಅನ್ನಲಿಲ್ಲ. ಇಬ್ಬರಿಗೂ ಒಂದು ಮಾತು ಕೇಳಿಕೊಂಡೆ: ಮೈಲಿಗೆ, ಮಡಿ ಅನ್ನುವ ಪದ ಆ ಅಡುಗೆಮನೆಯಲ್ಲಿ ಬೇಡ. ಭಾನುವಾರವೂ ಎಲ್ಲರ ಜೊತೆಗೇ ಕೂತು ಉಣ್ಣಬೇಕು, ಒಲೆ ಮುಂದೆ ಒಬ್ಬರೇ ಅಲ್ಲ. ಅವರೆಕಾಯಿ ಕಾಲ ಬಂದಾಗ ಹಿತಕಿದ ಬೇಳೆಗೆ ಬಾಡಿಗೆ ರುಬ್ಬುವ ಮಸಾಲೆಯನ್ನೇ ಹಾಕಿ: ಚಕ್ಕೆ, ಲವಂಗ, ಗಸಗಸೆ, ಹುರಿದ ಈರುಳ್ಳಿ, ಕಾಯಿ. ಒಂದೇ ಮಸಾಲೆ ರುಬ್ಬಿ ಎರಡು ಪಾತ್ರೆಗೆ ಹಂಚಿದರೆ ಅಡುಗೆ ಬೇರೆಯಾಯಿತು ಅನ್ನುವ ಬೇಸರ ಎಷ್ಟೋ ಕಡಿಮೆ.

ನಿಜವಾದ ಇಕ್ಕಟ್ಟು ಬಂದದ್ದು ಮಾರ್ನಮಿಗೆ. ಪಿತೃಪಕ್ಷದಲ್ಲಿ ಹಿರೀಕರಿಗೆ ಬಾಡಿನ ಎಡೆ ಇಡುವ ಮನೆ ಅದು, ಮಾಡುವವರು ಹಿರಿ ಸೊಸೆಯಾದ ಇವರೇ. ಸತ್ತ ಅತ್ತೆಗೆ ಇಷ್ಟವಾದದ್ದನ್ನು ಎಡೆಯಿಂದ ತೆಗೆಯುವ ಹಕ್ಕು ತನಗಿಲ್ಲ ಅನ್ನುವುದು ಅವರದೇ ಮಾತು, ನಾನು ಹೇಳಿಕೊಟ್ಟದ್ದಲ್ಲ. ಮಾಂಸದ ಅಡುಗೆಯನ್ನು ನಾದಿನಿ, ಸೊಸೆ ಮಾಡಿದರು. ಕಜ್ಜಾಯ, ಅನ್ನ, ಮುದ್ದೆ ಇವರು ಮಾಡಿ, ಎಲೆ ಹಾಕಿ ಎಡೆ ಇಟ್ಟರು. ಮೈದುನನ ಕಡೆಯವರು ಗೊಣಗಿದರಂತೆ. ಬೀಗರೂಟದಲ್ಲಿ ಬಲವಂತ ಮಾಡಿದರೆ ಏನು ಮಾಡಲಿ ಎಂದು ಮೊದಲೇ ಕೇಳಿದ್ದರು. ಮನೆಯಲ್ಲಿ ಕಾಳು ತಿಂದು ಹೋಗಿ, ಪಂಕ್ತಿಯಲ್ಲಿ ಕೂತು ಅನ್ನ, ಮೊಸರು ಹಾಕಿಸಿಕೊಳ್ಳಿ, ಒಂದು ತುಂಡು ಬಾಯಿಗೆ ಹೋದರೂ ವ್ರತಭಂಗ ಅಂತ ಉಪವಾಸ ಮಲಗಬೇಡಿ ಎಂದಿದ್ದೆ.

ಈಗ ತೂಕ 56ರಲ್ಲಿ ನಿಂತಿದೆ. ಜೋಮು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಬಿ12 ಮತ್ತೊಮ್ಮೆ ನೋಡಬೇಕು.

ಉಳಿದಿರುವುದು ಸೊಸೆಯ ವಿಷಯ. ಅತ್ತೆ ಇಳಿಸಿದ ಭಾರ ಸೀದಾ ಅವಳ ತಲೆಗೆ ಬಂದಿದೆ. ಭಾನುವಾರ ಮಾಂಸ ತೊಳೆಯುವುದು, ಕೊಚ್ಚುವುದು, ಉಪ್ಪು ಖಾರ ನೋಡುವುದು ಎಲ್ಲ ಅವಳೇ, ಜೊತೆಗೆ ಗಾರ್ಮೆಂಟ್ಸ್ ಕೆಲಸ. "ಅತ್ತೆ ಬಿಟ್ರು, ನಾನು ಯಾವಾಗ ಬಿಡ್ಲಿ?" ಎಂದು ಕೇಳಿದಳು. ಅವಳಿಗೆ ಬಾಡು ಇಷ್ಟ. ಬಿಡಬೇಕಾಗಿರುವುದು ಆ ದುಡಿಮೆಯನ್ನು. ತಿನ್ನುವ ಗಂಡಸರು ತೊಳೆಯುವುದಕ್ಕೂ ಬರಬೇಕು ಅಂತ ಯಜಮಾನರಿಗೆ ಹೇಳಿ ಕಳಿಸಿದ್ದೇನೆ. ಮಗ ಇನ್ನೂ ಕ್ಲಿನಿಕ್ಕಿಗೆ ಬಂದಿಲ್ಲ. ಮುಂದಿನ ತಿಂಗಳು ತಾಯಿಯ ಮಾತ್ರೆಗೆ ಅವನನ್ನೇ ಕಳಿಸಿ ಅಂದಿದ್ದೇನೆ.