ತಾಪಸ್‌ಗೆ ಕರೆದರೆ ಹೋಗು ತಮ್ಮಾ

ಅಣ್ಣಾ ಅಂತ ಕರೆದಿದ್ದೀಯ, ಅದಕ್ಕೆ ನೀನು ಅಂತಲೇ ಬರೆಯುತ್ತೇನೆ. ಸ್ಪೇನಿನ ಸೆವಿಲ್ಲಾಗೆ ಬಂದು ಮೂರು ವಾರ ಆಯ್ತು, ಆಫೀಸಿನವರು ಶುಕ್ರವಾರ ರಾತ್ರಿ ಬಾರಿನಲ್ಲಿ ಚಿಕ್ಕ ಚಿಕ್ಕ ತಟ್ಟೆ ತಿಂಡಿ ಹಂಚಿಕೊಂಡು ತಿನ್ನೋ ತಾಪಸ್‌ಗೆ ಕರೆದಿದ್ದಾರೆ, ಮಾಂಸ ಮೊಟ್ಟೆ ತಿನ್ನಲ್ಲ, ಕುಡಿಯೋದೂ ಇಲ್ಲ, ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳಲಾ ಅಂತ ಕೇಳಿದ್ದೀಯ.

ಬೇಡ. ಖಂಡಿತ ಹೋಗು. ಹದಿನಾಲ್ಕು ವರ್ಷದ ಹಿಂದೆ ನಾನೂ ಹೀಗೇ ನೆಪ ಹೇಳುತ್ತಿದ್ದೆ. ನಾಲ್ಕೈದು ಸಲ ಕರೆದರು, ಆಮೇಲೆ ಬಿಟ್ಟೇಬಿಟ್ಟರು. ಆ ವರ್ಷ ಎಷ್ಟು ಒಂಟಿಯಾಗಿದ್ದೆ ಅಂತ ನನಗೇ ಗೊತ್ತು. ಇಲ್ಲಿನವರು ಮನೆಗೆ ಕರೆಯೋದು ಕಡಿಮೆ, ಸ್ನೇಹ ಬೆಳೆಯೋದೆಲ್ಲ ಬಾರಿನಲ್ಲೇ. ಬಾರ್ ಅಂದರೆ ನಮ್ಮೂರ ಬಾರ್ ಅಂದುಕೊಳ್ಳಬೇಡ. ಅಜ್ಜಿಯರು, ತಳ್ಳುಗಾಡಿಯಲ್ಲಿ ಮಲಗಿದ ಕೂಸುಗಳು ಎಲ್ಲರೂ ಇರುತ್ತಾರೆ. ನೀನು ಸೋಡಾ ನೀರು ಕುಡಿದರೂ ಯಾರೂ ಏನೂ ಅನ್ನಲ್ಲ. 'ಆಗ್ವಾ ಕೋನ್ ಗಾಸ್' ಅನ್ನು, ಸಾಕು.

ಊಟ ಶುರುವಾಗೋದೇ ಒಂಬತ್ತರ ಮೇಲೆ. ಸಂಜೆ ಒಂದಿಷ್ಟು ಅವಲಕ್ಕಿ ತಿಂದು ಹೊರಡು.

ಇನ್ನು ತಿನ್ನೋ ವಿಷಯ. ಬರೀ 'ಸಿನ್ ಕಾರ್ನೆ', ಅಂದರೆ ಮಾಂಸ ಬೇಡ, ಅಂದರೆ ಸಾಲದು. ಖಮೋನ್ ಅನ್ನೋ ಉಪ್ಪು ಹಾಕಿ ಒಣಗಿಸಿದ ಹಂದಿ ತೊಡೆ, ತೂನಾ ಮೀನು, ಇವನ್ನು ಸುಮಾರು ಜನ ಮಾಂಸದ ಲೆಕ್ಕಕ್ಕೇ ಹಿಡಿಯಲ್ಲ. ನನಗೆ ಒಂದು ಬಾರಿನಲ್ಲಿ ಹೀಗೇ ಆಯ್ತು. ಸಾಲ್ಮೊರೇಖೋ ಅನ್ನೋ ಟೊಮೆಟೊ ತಣ್ಣನೆ ಸೂಪು ತರಿಸಿದರೆ ಮೇಲೆ ಮೊಟ್ಟೆ, ಖಮೋನ್ ಚೂರು! 'ಸಿನ್ ಖಮೋನ್, ಸಿನ್ ಅತೂನ್, ಸಿನ್ ವೇವೋ' ಅಂತ ಒಂದೊಂದಾಗಿ ಹೇಳು. ಅತೂನ್ ಅಂದರೆ ತೂನಾ, ವೇವೋ ಅಂದರೆ ಮೊಟ್ಟೆ. ತೋರ್ತಿಯಾ ನೋಡೋಕೆ ಆಲೂಗಡ್ಡೆ ಪಲ್ಯ ಒತ್ತಿದ ಹಾಗಿರುತ್ತದೆ, ಆದರೆ ಆಲೂಗಡ್ಡೆಯನ್ನು ಮೊಟ್ಟೆಯಲ್ಲೇ ಕಲಸಿ ಮಾಡೋದು.

ನಿನಗೆ ಹೇಳಿ ಮಾಡಿಸಿದ್ದು 'ಎಸ್ಪಿನಾಕಾಸ್ ಕೋನ್ ಗಾರ್ಬಾನ್ಸೋಸ್'. ಪಾಲಕ್, ಕಾಬೂಲಿ ಕಡಲೆ, ಬೆಳ್ಳುಳ್ಳಿ, ಆಲಿವ್ ಎಣ್ಣೆ, ಮೇಲಿಂದ ಜೀರಿಗೆ! ಚಿಕ್ಕ ಮಣ್ಣಿನ ಬಟ್ಟಲಿನಲ್ಲಿ ಬಿಸಿಬಿಸಿಯಾಗಿ ತಂದಿಟ್ಟಾಗ ಆ ಜೀರಿಗೆ ವಾಸನೆಗೆ ನನ್ನ ಕಣ್ಣು ತುಂಬಿಬಂದಿತ್ತು. ಕರಿದ ಬದನೆಕಾಯಿ ಮೇಲೆ 'ಮಿಯೆಲ್ ದೆ ಕಾನ್ಯಾ' ಸುರಿದು ಕೊಡುತ್ತಾರೆ. ಮಿಯೆಲ್ ಅಂದರೆ ಜೇನು, ಆದರೆ ಇದು ಕಬ್ಬಿನದು, ನಮ್ಮ ಜೋನಿಬೆಲ್ಲದ ಹಾಗೇ. ಹಿಟ್ಟಿಗೆ ಮೊಟ್ಟೆ ಹಾಕಿದ್ದಾರಾ ಕೇಳಿಕೋ. ಕೆಲವು ಕಡೆ ಮೀನು ಕರಿದ ಎಣ್ಣೆಯಲ್ಲೇ ಕರಿಯುತ್ತಾರೆ, ಅದು ನಿನಗೆ ಬಿಟ್ಟಿದ್ದು.

ಎಲ್ಲರೂ ಒಂದೇ ತಟ್ಟೆಗೆ ಫೋರ್ಕ್ ಹಾಕುತ್ತಾರೆ. ಎಂಜಲು ಅನ್ನಿಸಿದರೆ ಖಾಲಿ ತಟ್ಟೆ ಕೇಳಿ ಮೊದಲೇ ಬಡಿಸಿಕೋ, ಯಾರೂ ಬೇಜಾರು ಮಾಡಿಕೊಳ್ಳಲ್ಲ. ಒಂದು ಸುತ್ತಿನ ದುಡ್ಡು ಮಾತ್ರ ನೀನೇ ಕೊಡು, ಅದನ್ನು ಮರೆಯಬೇಡ.

ಎಲ್ ರಿಂಕೋನ್ಸಿಯೋ ಅಂತ 1670ರ ಬಾರ್ ಇದೆ. ಅಲ್ಲಿ ಲೆಕ್ಕವನ್ನು ಮರದ ಕಟ್ಟೆ ಮೇಲೆ ಸೀಮೆಸುಣ್ಣದಲ್ಲೇ ಬರೆಯುತ್ತಾರೆ, ದುಡ್ಡು ಕೊಟ್ಟ ಮೇಲೆ ಒರೆಸಿಬಿಡುತ್ತಾರೆ. ಪಾಲಕ್-ಕಡಲೆಗೆ ಹೆಸರಾದ ಜಾಗ. ಧೈರ್ಯ ಸಾಲದಿದ್ದರೆ ಒಂದು ದಿನ ಮಧ್ಯಾಹ್ನ ಎರಡಕ್ಕೆ ಬಾ, ನಾನೇ ಕರೆದುಕೊಂಡು ಹೋಗುತ್ತೇನೆ.